ದೇವರ ಹೆಸರಿಗೆ ಕೈ ಹಚ್ಚುವ ಮುನ್ನ



2017ರ ಸೆಪ್ಟೆಂಬರಿನಲ್ಲಿ ದೇವರ ಹೆಸರೊಂದರ ವ್ಯಾಜ್ಯ ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಅದು ಹೊಲದ ವ್ಯಾಜ್ಯವಲ್ಲ, ಗುಡಿಯ ಪೂಜೆಯ ಹಕ್ಕಿನ ತಕರಾರೂ ಅಲ್ಲ. ಬಸವಣ್ಣನವರ ವಚನಗಳ ಕೊನೆಗೆ ಬರುವ ‘ಕೂಡಲಸಂಗಮದೇವ’ ಎಂಬ ಹೆಸರನ್ನು ತೆಗೆದು ಅಲ್ಲಿ ‘ಲಿಂಗದೇವ’ ಎಂದು ಅಚ್ಚು ಹಾಕಬಹುದೇ ಎಂಬುದೇ ಅಲ್ಲಿದ್ದ ಪ್ರಶ್ನೆ. 1990ರ ದಶಕದಲ್ಲಿ ಜಗದ್ಗುರು ಮಾತೆ ಮಹಾದೇವಿಯವರು ತಮ್ಮ ‘ಬಸವ ವಚನ ದೀಪ್ತಿ’ಯಲ್ಲಿ ಹಾಗೆ ಮಾಡಿದರು. ಸಂಶೋಧಕರು, ಸಾಹಿತಿಗಳು, ಮಠಾಧೀಶರು ವಿರೋಧಿಸಿದರು. 1998ರಲ್ಲಿ ರಾಜ್ಯ ಸರಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು. ಕೊನೆಗೆ ಸುಪ್ರೀಂ ಕೋರ್ಟೂ ಮೇಲ್ಮನವಿಯನ್ನು ತಳ್ಳಿಹಾಕಿತು.

ಒಂದು ಹೆಸರಿಗಾಗಿ ಇಷ್ಟು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯಬೇಕೇ, ದೇವರು ಒಬ್ಬನೇ ಅಂದ ಮೇಲೆ ಹೆಸರು ಯಾವುದಾದರೇನು ಎಂದು ಆಗ ಬಸವಕಲ್ಯಾಣದಲ್ಲೂ ಹುಮನಾಬಾದಿನಲ್ಲೂ ಕೇಳಿದವರು ಬಹಳ ಮಂದಿ. ಸಜ್ಜನರೇ ಕೇಳಿದ ಪ್ರಶ್ನೆ ಅದು. ಇವತ್ತು ಅದಕ್ಕೆ ಉತ್ತರ ಹುಡುಕುತ್ತ ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯುತ್ತೇನೆ. ದೇವರ ಹೆಸರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಒಂದೇ ಸಂಗತಿಯ ಮೇಲೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ತಲೆ ಕೆಡಿಸಿಕೊಂಡ ಜನ ಇದ್ದಾರೆ. ಅವರು ಯಹೂದಿಗಳು.

ಯಹೂದಿಗಳ ಹೀಬ್ರೂ ಧರ್ಮಗ್ರಂಥದಲ್ಲಿ ದೇವರಿಗೆ ಹಲವು ಹೆಸರು. ಎಲ್, ಎಲೋಹಿಂ, ಶದ್ದಾಯ್, ತ್ಸೆವಾಓತ್, ಹೀಗೆ. ಎಲ್ಲಕ್ಕೂ ಮಿಗಿಲಾದದ್ದು ಯೋದ್, ಹೇ, ವಾವ್, ಹೇ ಎಂಬ ನಾಲ್ಕು ಅಕ್ಷರಗಳ ಹೆಸರು. ಗ್ರಂಥದಲ್ಲಿ ಅದು 6,800ಕ್ಕೂ ಹೆಚ್ಚು ಸಲ ಬರುತ್ತದೆ. ಆದರೆ ಯಾರೂ ಅದನ್ನು ಬರೆದಂತೆ ಉಚ್ಚರಿಸುವುದಿಲ್ಲ. ಕಣ್ಣಿಗೆ ಆ ನಾಲ್ಕು ಅಕ್ಷರ ಕಂಡಾಗ ಬಾಯಿ ‘ಅದೋನಾಯ್’, ನನ್ನ ಒಡೆಯ, ಎನ್ನುತ್ತದೆ. ಪ್ರಾರ್ಥನೆ ಮುಗಿಸಿ ಎದ್ದು ಮನೆಯ ಮಾತು ಆಡುವಾಗ ಅದನ್ನೂ ಹೇಳುವುದಿಲ್ಲ. ಆಗ ‘ಹಾಶೇಮ್’ ಎಂದರೆ ಸಾಕು. ‘ಆ ಹೆಸರು’ ಎಂದಷ್ಟೇ ಅದರ ಅರ್ಥ. ನಮ್ಮ ಹಳ್ಳಿಗಳಲ್ಲಿ ಹಿರಿಯ ಹೆಣ್ಣುಮಕ್ಕಳು ಗಂಡನ ಹೆಸರನ್ನು ನೇರವಾಗಿ ನುಡಿಯದೆ, ಮದುವೆಯ ಮನೆಯಲ್ಲಿ ಎಲ್ಲರೂ ಕಾಡಿಸಿದಾಗ ಒಡಪಿನೊಳಗೆ ಇಟ್ಟು ಹೇಳುತ್ತಾರಲ್ಲ, ಆ ಬಗೆಯ ಸಂಕೋಚವೂ ಪ್ರೀತಿಯೂ ಇದರಲ್ಲಿವೆ.

ಜೆರುಸಲೇಮಿನಲ್ಲಿ ಅವರ ದೇವಾಲಯ ಇದ್ದ ಕಾಲದಲ್ಲಿ, ವರ್ಷದ ಅತ್ಯಂತ ಪವಿತ್ರ ದಿನವಾದ ಯೋಮ್ ಕಿಪ್ಪುರ್‌ನಂದು, ಮಹಾಪುರೋಹಿತರು ಪೂಜೆಯ ನಡುವೆ ಆ ಹೆಸರನ್ನು ಬಾಯಿ ತೆರೆದು ಉಚ್ಚರಿಸುತ್ತಿದ್ದರು. ಕೇಳಿದ ಜನ ಅಂಗಳದಲ್ಲಿ ಸಾಷ್ಟಾಂಗ ಎರಗುತ್ತಿದ್ದರು. ಕ್ರಿಸ್ತಶಕ 70ರಲ್ಲಿ ರೋಮನ್ನರು ದೇವಾಲಯವನ್ನು ಸುಟ್ಟು ಕೆಡವಿದರು. ಅಲ್ಲಿಗೆ ಆ ಉಚ್ಚಾರಣೆಯೂ ಮುಗಿಯಿತು. ಹೀಬ್ರೂ ಬರವಣಿಗೆಯಲ್ಲಿ ಮೊದಲಿಗೆ ವ್ಯಂಜನಗಳಷ್ಟೇ ಇದ್ದವು, ಸ್ವರಗಳನ್ನು ಬರೆಯುತ್ತಿರಲಿಲ್ಲ. ಹೀಗಾಗಿ ಆ ಹೆಸರನ್ನು ಹಿಂದೆ ಹೇಗೆ ನುಡಿಯುತ್ತಿದ್ದರು ಎಂದು ವಿದ್ವಾಂಸರು ಊಹಿಸುತ್ತಾರೆಯೇ ಹೊರತು ಖಚಿತವಾಗಿ ಹೇಳುವವರಿಲ್ಲ. ಹೆಸರಿನ ಗೌರವ ಉಳಿಸಲು ಒಂದು ಜನಾಂಗ ಅದರ ದನಿಯನ್ನೇ ಬಿಟ್ಟುಕೊಟ್ಟಿತು.

ಈ ಎಚ್ಚರ ಲೆಕ್ಕಪತ್ರದವರೆಗೂ ಹೋಗುತ್ತದೆ. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳು. ಯೋದ್ ಎಂದರೆ 10, ಹೇ ಎಂದರೆ 5. ಹಾಗಾದರೆ 15 ಬರೆಯಲು ಯೋದ್ ಮತ್ತು ಹೇ ಬರೆಯಬೇಕು. ಆದರೆ ಆ ಎರಡು ಅಕ್ಷರ ಜೊತೆಯಾದರೆ ದೇವರ ಹೆಸರಾಗುತ್ತದೆ. ಅದಕ್ಕೆ ಅವರು 15ನ್ನು 9 ಮತ್ತು 6 ಎಂದು ಬರೆಯುತ್ತಾರೆ. 16ಕ್ಕೂ ಇದೇ ತೊಡಕು, ಆದ್ದರಿಂದ ಅದನ್ನು 9 ಮತ್ತು 7 ಎಂದು ಬರೆಯುತ್ತಾರೆ. ಇವತ್ತಿಗೂ ಅವರ ಪಂಚಾಂಗದಲ್ಲಿ ಹದಿನೈದನೆಯ ತಾರೀಖು ಹೀಗೆಯೇ ಇರುತ್ತದೆ.

ಇನ್ನು ಬರೆಯುವವನ ಕೈಯನ್ನು ನೋಡಿ. ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಓದುವ ಧರ್ಮಗ್ರಂಥ ತೋರಾ ಅಚ್ಚಿನದಲ್ಲ. ತರಬೇತಾದ ಲಿಪಿಕಾರ ಹದಮಾಡಿದ ಚರ್ಮದ ಹಾಳೆಯ ಮೇಲೆ ಗೆರೆ ಕೊರೆದುಕೊಂಡು, ಗರಿಯ ಲೇಖನಿಯಿಂದ, ಎದುರಿಗೆ ಇಟ್ಟ ಪ್ರತಿಯನ್ನು ನೋಡಿ ಒಂದೊಂದೇ ಪದವನ್ನು ಬಾಯಲ್ಲಿ ಹೇಳಿಕೊಂಡು ಬರೆಯುತ್ತಾನೆ. ದೇವರ ಹೆಸರು ಬಂದ ಕೂಡಲೇ ಕೈ ತಡೆಯುತ್ತದೆ. ಈ ಹೆಸರನ್ನು ಅದರ ಪಾವಿತ್ರ್ಯಕ್ಕಾಗಿಯೇ ಬರೆಯುತ್ತಿದ್ದೇನೆ ಎಂದು ಸಂಕಲ್ಪ ಹೇಳಿಕೊಂಡ ಮೇಲೆಯೇ ಲೇಖನಿ ಮುಂದೆ ಸಾಗಬೇಕು. ಆ ಹೆಸರನ್ನು ಬರೆಯುತ್ತಿರುವಾಗ ದೇಶದ ರಾಜನೇ ಬಂದು ಮಾತಾಡಿಸಿದರೂ ಉತ್ತರ ಕೊಡಬಾರದು ಎಂಬುದು ಅವರ ಶಾಸ್ತ್ರ. ಬೇರೆ ಪದ ತಪ್ಪಿದರೆ ಚರ್ಮವನ್ನು ಕೆರೆದು ತಿದ್ದಬಹುದು. ದೇವರ ಹೆಸರು ತಪ್ಪಿದರೆ ಕೆರೆಯುವಂತಿಲ್ಲ. ಎಷ್ಟೇ ಶ್ರಮವಿದ್ದರೂ ಆ ಹಾಳೆಯನ್ನು ತೆಗೆದಿಟ್ಟು ಬೇರೆ ಹಾಳೆ ಬರೆಯಬೇಕು. ಅಳಿಸಲೇಬಾರದ ಹೆಸರುಗಳು ಏಳು ಎಂದು ಅವರ ಶಾಸ್ತ್ರಕಾರರು ಎಣಿಸಿದ್ದಾರೆ. ಆ ಹೆಸರಿಗೆ ಮೊದಲು ಹತ್ತಿದ ಪ್ರತ್ಯಯದ ಅಕ್ಷರವನ್ನು ಅಳಿಸಬಹುದು, ಹೆಸರು ಮುಗಿದ ಮೇಲೆ ಬಂದದ್ದನ್ನು ಅಳಿಸಬಾರದು, ಏಕೆಂದರೆ ಅಷ್ಟು ಹೊತ್ತಿಗೆ ಹೆಸರು ಅದನ್ನೂ ಪವಿತ್ರ ಮಾಡಿರುತ್ತದೆ ಎಂಬಷ್ಟು ಸೂಕ್ಷ್ಮಕ್ಕೆ ಇಳಿದಿದ್ದಾರೆ.

ಹಾಗೆ ತೆಗೆದಿಟ್ಟ ಹಾಳೆಗಳನ್ನು ಸುಡುವುದಿಲ್ಲ, ಕಸಕ್ಕೆ ಹಾಕುವುದಿಲ್ಲ. ‘ಗೆನಿಜಾ’ ಎಂಬ ಕೋಣೆಯಲ್ಲಿ ಕೂಡಿಸಿಟ್ಟು ಕೊನೆಗೆ ಮಣ್ಣು ಮಾಡುತ್ತಾರೆ. ಈಜಿಪ್ಟಿನ ಹಳೆ ಕೈರೋದಲ್ಲಿ ಬೆನ್ ಎಜ್ರಾ ಎಂಬ ಸಿನಗಾಗ್ ಇದೆ. ಅಲ್ಲಿಯ ಮಂದಿ ಕೂಡಿಸಿಡುತ್ತಲೇ ಹೋದರು, ಹೂಳುವುದು ಮಾತ್ರ ಆಗಲಿಲ್ಲ. ದೇವರ ಹೆಸರು ಇದ್ದಿರಬಹುದು ಎಂಬ ಭಯಭಕ್ತಿಗೆ ಲೆಕ್ಕಪತ್ರ, ಕರಾರು, ಮನೆಗೆ ಬರೆದ ಕಾಗದ ಎಲ್ಲವೂ ಆ ಕೋಣೆ ಸೇರಿದವು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಆ ಧೂಳಿನಲ್ಲಿ ಕೂತು ಆರಿಸಿ ಕೇಂಬ್ರಿಜ್‌ಗೆ ಸಾಗಿಸಿದ ಚೂರುಗಳು ಸುಮಾರು 1,90,000.

ಆ ರಾಶಿಯಲ್ಲಿ ನಮ್ಮ ಕರ್ನಾಟಕವೂ ಇತ್ತು, ಕೇಳುಗರೆ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1130ರ ದಶಕದಿಂದ 1149ರವರೆಗೆ ಮಂಗಳೂರಿನಲ್ಲಿ ನೆಲೆಸಿದ್ದ. ಅಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಅಶು ಎಂಬ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿದ, ಅದರ ಪತ್ರ ಮಂಗಳೂರಿನಲ್ಲೇ ಬರೆಸಿದ್ದು. ಅವನ ಕಾಗದಗಳಲ್ಲಿ ಮತ್ತೆ ಮತ್ತೆ ಒಬ್ಬ ನಂಬಿಗಸ್ತ ಆಳಿನ ಹೆಸರು ಹೀಬ್ರೂ ಲಿಪಿಯ ಮೂರು ಅಕ್ಷರಗಳಲ್ಲಿ ಬರುತ್ತದೆ. ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು ತುಳುನಾಡಿನ ವಿದ್ವಾಂಸರನ್ನು ವಿಚಾರಿಸಿ, ಅದು ಬೊಮ್ಮ ಎಂದು ಗುರುತು ಹಿಡಿದರು. ತುಳುನಾಡಿನ ದೈವ ಬೆರ್ಮೆರ ಹೆಸರು ಹೊತ್ತ ಆಳು. ಯಹೂದಿಗಳು ತಮ್ಮ ದೇವರ ಹೆಸರು ಅಳಿಯಬಾರದೆಂದು ಕಾಪಾಡಿದ ಕಾಗದದಲ್ಲಿ ತುಳುವರ ದೈವದ ಹೆಸರೂ ಎಂಟುನೂರು ವರ್ಷಕ್ಕೂ ಮಿಕ್ಕಿ ಉಳಿದುಕೊಂಡಿತು. ನನಗೆ ಇದು ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಬೆನ್ ಯಿಜು ಮಂಗಳೂರಿನಲ್ಲಿ ಕಾಗದ ಬರೆಯುತ್ತಿದ್ದದ್ದು ಹನ್ನೆರಡನೆಯ ಶತಮಾನದಲ್ಲಿ. ಅದೇ ಶತಮಾನದಲ್ಲಿ ನಮ್ಮ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ದೇವರ ಹೆಸರಿನ ಮತ್ತೊಂದು ದೊಡ್ಡ ಪ್ರಯೋಗ ನಡೆಯಿತು. ಅದು ಯಹೂದಿಗಳ ದಾರಿಗೆ ತೀರ ಎದುರು ದಿಕ್ಕಿನದು. ಅಲ್ಲಿ ಎಲ್ಲಕ್ಕೂ ಮಿಗಿಲಾದ ಹೆಸರು ಒಂದೇ, ಅದನ್ನು ನುಡಿಯಬಾರದು. ಇಲ್ಲಿ ಶರಣನಿಗೊಂದು ಹೆಸರು, ಮಾತಿಗೊಮ್ಮೆ ನುಡಿಯಬೇಕು.

ಬಸವಣ್ಣನವರು ಎಳೆಯ ವಯಸ್ಸಿನಲ್ಲಿ ಕೃಷ್ಣೆ ಮಲಪ್ರಭೆ ಕೂಡುವಲ್ಲಿ ಸಂಗಮನಾಥನ ಸನ್ನಿಧಿಯಲ್ಲಿ ಬೆಳೆದವರು. ಕಲ್ಯಾಣಕ್ಕೆ ಬಂದು ಅರಸ ಬಿಜ್ಜಳನ ಭಂಡಾರಿಯಾದರು. ಆ ಊರಿಗೂ ಈ ಊರಿಗೂ ಇನ್ನೂರು ಕಿಲೋಮೀಟರಿಗೂ ಹೆಚ್ಚು ಅಂತರ. ಇಲ್ಲಿ ಬಂದ ಮೇಲೂ ಅವರು ಕರೆದದ್ದು ಕೂಡಲಸಂಗಮದೇವನನ್ನೇ. ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಸೊನ್ನಲಿಗೆಯಿಂದ ಬಂದ ಸಿದ್ಧರಾಮನಿಗೆ ಕಪಿಲಸಿದ್ಧಮಲ್ಲಿಕಾರ್ಜುನ, ಬಟ್ಟೆ ಒಗೆಯುವ ಮಾಚಿದೇವನಿಗೆ ಕಲಿದೇವರದೇವ. ಬಸವಕಲ್ಯಾಣಕ್ಕೆ ಬಂದವರಿಗೆ ಇವತ್ತೂ ನುಲಿಯ ಚಂದಯ್ಯನ ಗವಿ ತೋರಿಸುತ್ತಾರೆ. ಹುಲ್ಲು ಕೊಯ್ದು ಹಗ್ಗ ಹೊಸೆದ ಆ ಶರಣನ ದೇವರು ಚಂದೇಶ್ವರಲಿಂಗ. ಹುಮನಾಬಾದ್ ತಾಲ್ಲೂಕಿನ ಮೊಳಕೇರಾದಲ್ಲಿ ಮೋಳಿಗೆ ಮಾರಯ್ಯನ ನೆನಪು ಇದೆ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದು ಇಲ್ಲಿ ಕಟ್ಟಿಗೆ ಹೊರೆ ಮಾರಿದನೆಂದು ಪುರಾಣಗಳು ಹೇಳುವ ಆತ ಕರೆದದ್ದು ನಿಃಕಳಂಕ ಮಲ್ಲಿಕಾರ್ಜುನನನ್ನು.

ಹೆಂಗಸರ ಅಂಕಿತಗಳಲ್ಲಿ, ಅಂದರೆ ವಚನದ ಕೊನೆಗೆ ಬರುವ ಈ ದೇವರ ಹೆಸರುಗಳಲ್ಲಿ, ಇನ್ನೂ ಆಪ್ತವಾದ ಸಂಗತಿಗಳಿವೆ. ಅಕ್ಕಿ ಆಯುವ ಲಕ್ಕಮ್ಮ ಗಂಡನನ್ನೂ ಸೇರಿಸಿಕೊಂಡು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂದಳು. ಮುಕ್ತಾಯಕ್ಕ ತೀರಿಹೋದ ಅಣ್ಣ ಅಜಗಣ್ಣನನ್ನೇ ಅಂಕಿತ ಮಾಡಿಕೊಂಡಳು. ಸೂಳೆ ಸಂಕವ್ವೆ ತನ್ನ ದೇವರನ್ನು ‘ನಿರ್ಲಜ್ಜೇಶ್ವರ’ ಎಂದು ಕರೆದಳು. ಊರು ತನ್ನ ಮೇಲೆ ಹೊರಿಸಿದ ನಾಚಿಕೆಯನ್ನು ಆಕೆ ದೇವರಿಗೇ ಒಪ್ಪಿಸಿಬಿಟ್ಟಳು. ಆಕೆಯದೆಂದು ನಮಗೆ ದೊರೆತಿರುವುದು ಒಂದೇ ಒಂದು ವಚನ. ಅದು ಅವಳದೆಂದು ತಿಳಿಯುವುದಾದರೂ ಹೇಗೆ? ಆ ಅಂಕಿತದಿಂದ. ಆ ಒಂದು ಹೆಸರನ್ನು ಅಳಿಸಿ ಬೇರೆ ಹೆಸರು ಕೂಡಿಸಿದರೆ ಆ ಹೆಣ್ಣುಮಗಳು ಕನ್ನಡದ ಚರಿತ್ರೆಯಿಂದಲೇ ಇಲ್ಲವಾಗುತ್ತಾಳೆ.

ಇದನ್ನು ತಾಳೆಗರಿ ನೋಡಿದವರು ಚೆನ್ನಾಗಿ ಬಲ್ಲರು. ಗರಿಯ ಮೇಲೆ ಸಾಲು ಮುರಿಯುವುದಿಲ್ಲ, ಪದ ಬಿಡಿಸುವುದಿಲ್ಲ. ಕಂಟದಿಂದ ಕೊರೆದು ಮಸಿ ತೀಡಿದ ಅಕ್ಷರ ಈ ಅಂಚಿನಿಂದ ಆ ಅಂಚಿಗೆ ಒಂದೇ ಸಮ ಹರಿಯುತ್ತದೆ. ಎಲ್ಲಿ ಒಂದು ವಚನ ಮುಗಿಯಿತು, ಎಲ್ಲಿ ಇನ್ನೊಂದು ಹತ್ತಿತು ಎಂದು ಹೇಳುವುದು ಅಂಕಿತ. ಆಡಿದವರು ಯಾರೆಂದು ಹೇಳುವುದೂ ಅದೇ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಕಟ್ಟುಗಳನ್ನು ಬಿಚ್ಚಿಸಿ, ನಕಲು ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದಾಗ ಅವರ ಕೈಹಿಡಿದು ನಡೆಸಿದ್ದು ಈ ಹೆಸರುಗಳು. ಮುಂದೆ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರ ತಂದ ಸಮಗ್ರ ವಚನ ಸಂಪುಟದ 15 ಹೊತ್ತಿಗೆಗಳು ನಿಂತದ್ದೂ ಇದೇ ಬುನಾದಿಯ ಮೇಲೆ. ಅರಸರ ಮಾತು ಬೇರೆ. ಹುಮನಾಬಾದಿಗೆ ಹತ್ತಿರದ ಜಲಸಂಗ್ವಿಯ ಗುಡಿಯ ಗೋಡೆಯಲ್ಲಿ ಒಬ್ಬ ಶಿಲಾಬಾಲೆ ನಿಂತು ಚಾಲುಕ್ಯ ವಿಕ್ರಮಾದಿತ್ಯನ ಕೀರ್ತಿಯನ್ನು ಬರೆಯುತ್ತಿದ್ದಾಳೆ, ನೀವು ನೋಡಿರಬಹುದು. ವಿಕ್ರಮಾದಿತ್ಯನಿಗೆ ಕಲ್ಲು ಸಿಕ್ಕಿತು. ಹಗ್ಗ ಹೊಸೆದವನಿಗೆ, ಕಟ್ಟಿಗೆ ಹೊತ್ತವನಿಗೆ, ಅಕ್ಕಿ ಆಯ್ದವಳಿಗೆ ಗುರುತಾಗಿ ಸಿಕ್ಕಿದ್ದು ದೇವರ ಹೆಸರೊಂದೇ.

ಈಗ ಮತ್ತೆ ಆ ವ್ಯಾಜ್ಯಕ್ಕೆ ಬರೋಣ. ಮಾತೆ ಮಹಾದೇವಿಯವರ ಬಗ್ಗೆ ಹಗುರವಾಗಿ ಮಾತಾಡುವವನು ನಾನಲ್ಲ. 1970ರಲ್ಲೇ ಜಗದ್ಗುರು ಪೀಠವೇರಿದ ಹೆಣ್ಣುಮಗಳು ಅವರು. ಲಿಂಗಾನಂದ ಸ್ವಾಮೀಜಿಯವರ ಜೊತೆಗೆ ಹಳ್ಳಿಹಳ್ಳಿಗೆ ವಚನ ಮುಟ್ಟಿಸಿದರು. ಬಸವಕಲ್ಯಾಣದಲ್ಲಿ ಇಂದು ದೂರದಿಂದಲೇ ಕಾಣುವ 108 ಅಡಿಯ ಬಸವಣ್ಣನ ಪ್ರತಿಮೆ 2012ರಲ್ಲಿ ಎದ್ದು ನಿಂತದ್ದು ಅವರ ಛಲದಿಂದ. ಕೂಡಲಸಂಗಮವೆಂಬುದು ಒಂದು ಊರಿನ ಸ್ಥಾವರ ದೇವರ ಹೆಸರಾಯಿತು, ಬಸವಣ್ಣ ಕೊಟ್ಟದ್ದು ಇಷ್ಟಲಿಂಗ, ಆದ್ದರಿಂದ ಹೆಸರು ಲಿಂಗದೇವ ಎಂದಿರಬೇಕು ಎಂಬ ಅವರ ವಾದಕ್ಕೆ ಒಂದು ತರ್ಕವೂ ಇದೆ. ಪುಸ್ತಕ ಮುಟ್ಟುಗೋಲು ಹಾಕುವ ದಾರಿಯಂತೂ ನನಗೆ ಎಂದೂ ಹಿತವಾಗಿ ಕಂಡಿಲ್ಲ. ಸರಕಾರ ಕೈ ಹಾಕುವ ಮೊದಲೇ ಓದುಗರ ಸಮಾಜ ತಾನೇ ಇದನ್ನು ಇತ್ಯರ್ಥ ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

ಇಷ್ಟು ಹೇಳಿಯೂ, ಅವರು ಮಾಡಿದ್ದು ತಪ್ಪು ಎಂದೇ ನಾನು ಹೇಳುತ್ತೇನೆ. ತರ್ಕಕ್ಕೆ ಮುನ್ನುಡಿ ಇದೆ, ಟಿಪ್ಪಣಿ ಇದೆ, ಪ್ರವಚನದ ವೇದಿಕೆ ಇದೆ. ಮೂಲದ ಸಾಲು ಅದಕ್ಕೆ ಜಾಗವಲ್ಲ. ಇಲ್ಲಿ ಯಹೂದಿಗಳಿಂದ ಕಲಿಯಬೇಕಾದ ಒಂದು ಪದ್ಧತಿ ಇದೆ. ಅವರ ಗ್ರಂಥದಲ್ಲಿ ಕೆಲವೆಡೆ ಬರೆದದ್ದೇ ಒಂದು, ಪರಂಪರೆ ಓದುವುದೇ ಇನ್ನೊಂದು. ಅಂಥಲ್ಲಿ ಅವರ ಪ್ರಾಚೀನ ಪಂಡಿತರು ಬರೆದದ್ದನ್ನು ಮುಟ್ಟಲಿಲ್ಲ. ಅಂಚಿನಲ್ಲಿ, ಹೀಗೆ ಓದಿರಿ ಎಂದು ಸೂಚನೆ ಹಾಕಿದರು. ಆ ನಾಲ್ಕಕ್ಷರದ ಹೆಸರಿಗೂ ನಡೆದದ್ದು ಇದೇ. ಬರೆಯುವುದು ಆ ಹೆಸರು, ಓದುವುದು ಅದೋನಾಯ್. ಎರಡು ಸಾವಿರ ವರ್ಷದಿಂದ ಬಾಯಿ ಬೇರೆಯದನ್ನೇ ಹೇಳುತ್ತಿದ್ದರೂ, ಹೇಗೂ ಯಾರೂ ಓದುವುದಿಲ್ಲವಲ್ಲ, ಓದುವುದನ್ನೇ ಬರೆದುಬಿಡೋಣ ಎಂದು ತೋರಾದ ಒಬ್ಬ ಲಿಪಿಕಾರನೂ ಕೈ ಹಚ್ಚಲಿಲ್ಲ.

ನಮ್ಮಲ್ಲೂ ಅಷ್ಟೇ ಆಗಬೇಕಿತ್ತು. ಲಿಂಗದೇವ ಎಂದು ಧ್ಯಾನಿಸುವವರು ಧ್ಯಾನಿಸಲಿ, ಹಾಡಲಿ, ಮನೆಯ ಬಾಗಿಲಿಗೆ ಬರೆದುಕೊಳ್ಳಲಿ, ಯಾರ ಅಡ್ಡಿಯೂ ಬೇಡ. ಬಸವಣ್ಣ ಬಾಯಿ ತುಂಬ ಕರೆದ ಹೆಸರನ್ನು ಬಸವಣ್ಣನ ಬಾಯಿಂದ ತೆಗೆಯಲು ಮಾತ್ರ ಯಾರಿಗೂ ಅಧಿಕಾರವಿಲ್ಲ. ಒಬ್ಬ ಮನುಷ್ಯ ಬದುಕಿಡೀ ಸವೆಸಿ ಕಂಡುಕೊಂಡ ಹೆಸರು ಅದು. ಅದರಲ್ಲಿ ಎರಡು ನದಿ ಕೂಡುವ ಆತನ ಎಳೆತನದ ಊರೂ ಇದೆ.

ಹೆಸರು ಕೂಡಿಸುವುದಕ್ಕೆ ನಮ್ಮ ನೆಲದಲ್ಲಿ ಬೇರೆ ದಾರಿಯೂ ಇತ್ತು. ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಯಲ್ಲಿ 1817ರ ದತ್ತ ಜಯಂತಿಯ ದಿನ ಹುಟ್ಟಿದ ಮಾಣಿಕಪ್ರಭುಗಳು ಕಲ್ಯಾಣದಲ್ಲಿ ಬೆಳೆದು, 1845ರಲ್ಲಿ ಹುಮನಾಬಾದಿನ ಪಕ್ಕಕ್ಕೆ ಮಾಣಿಕನಗರ ನೆಲೆಗೊಳಿಸಿದರು. 1865ರಲ್ಲಿ ಅಲ್ಲೇ ಸಮಾಧಿಯಾದರು. ಎಲ್ಲ ಮತಗಳೂ ಒಂದೇ ಚೈತನ್ಯದವು ಎಂಬ ಅವರ ಮಾತಿಗೆ ಸಕಲಮತ ಸಂಪ್ರದಾಯ ಎಂದು ಹೆಸರು. ಮರಾಠಿ, ಕನ್ನಡ, ಹಿಂದಿ, ಉರ್ದುವಿನಲ್ಲಿ ಪದ ಕಟ್ಟಿದರು. ದತ್ತಭಕ್ತರು ಅವರನ್ನು ದತ್ತಾವತಾರ ಎಂದರು, ಲಿಂಗಾಯತರು ಬಸವಣ್ಣನೇ ಬಂದನೆಂದರು, ಮುಸಲ್ಮಾನರು ಮೆಹಬೂಬ್ ಸುಬಾನಿ ಎಂದರು. ಒಬ್ಬರು ಕೊಟ್ಟ ಹೆಸರನ್ನು ಇನ್ನೊಬ್ಬರು ಕಿತ್ತುಹಾಕಲಿಲ್ಲ. ದತ್ತ ಜಯಂತಿಯ ಜಾತ್ರೆಗೆ ಇವತ್ತೂ ಮೂರೂ ಕಡೆಯವರು ಬರುತ್ತಾರೆ. ತಸಬಿ ಹಿಡಿದು ಅಲ್ಲಾಹನ ತೊಂಬತ್ತೊಂಬತ್ತು ಹೆಸರು ಎಣಿಸುವ ಹಿರಿಯರೂ, ಜಪಮಾಲೆ ಹಿಡಿದವರೂ, ಅಂಗೈಯಲ್ಲಿ ಲಿಂಗ ಹಿಡಿದವರೂ ಒಂದೇ ಸಂತೆಯಲ್ಲಿ ಜೋಳ ಕೊಳ್ಳುವ ನಾಡು ಇದು.

ಕೊನೆಗೆ ಕೇಳುಗರಲ್ಲಿ, ಅದರಲ್ಲೂ ಬೀದರ ಜಿಲ್ಲೆಯ ಕೇಳುಗರಲ್ಲಿ, ಎರಡು ಬಿನ್ನಹ.

ಮೊದಲನೆಯದು ದಿನನಿತ್ಯದ್ದು. ಲಗ್ನಪತ್ರಿಕೆಗೆ, ಶಾಲೆಯ ಗೋಡೆಗೆ, ಮೊಬೈಲಿನ ಸಂದೇಶಕ್ಕೆ ವಚನ ಹಾಕುತ್ತೇವೆ. ಜಾಗ ಸಾಲಲಿಲ್ಲವೆಂದು ಕೊನೆಯ ಹೆಸರನ್ನು ಕತ್ತರಿಸುತ್ತೇವೆ. ಇಲ್ಲವೇ ಯಾರೋ ಹೊಸೆದ ಮಾತಿಗೆ ಕೂಡಲಸಂಗಮದೇವ ಎಂದು ಅಂಟಿಸಿ ಬಸವಣ್ಣನದೆಂದು ಹಂಚುತ್ತೇವೆ. ಎರಡೂ ಕೂಡದು. ಅನುಮಾನ ಬಂದರೆ ಊರಿನ ಗ್ರಂಥಾಲಯದಲ್ಲಿ ಸಮಗ್ರ ವಚನ ಸಂಪುಟ ತೆಗೆದು ನೋಡಿ. ಮಕ್ಕಳಿಗೆ ವಚನ ಕಂಠಪಾಠ ಮಾಡಿಸುವ ಗುರುಗಳು ಅಂಕಿತವನ್ನು ಪೂರ್ತಿಯಾಗಿ, ನಿಧಾನವಾಗಿ ಹೇಳಿಸಲಿ. ಯಾರ ಅಂಕಿತ, ಅವರು ಏನು ಕೆಲಸ ಮಾಡುತ್ತಿದ್ದರು ಎಂಬುದನ್ನೂ ತಿಳಿಸಲಿ.

ಎರಡನೆಯದು ಬೇಗ ಆಗಬೇಕಾದದ್ದು. ನಮ್ಮ ಭಾಗದ ಹಳೆಯ ಮನೆಗಳಲ್ಲಿ, ಮಠಗಳಲ್ಲಿ, ಅಟ್ಟದ ಮೇಲೆ, ದೇವರ ಜಗಲಿಯಲ್ಲಿ ಕೆಂಪು ಬಟ್ಟೆ ಸುತ್ತಿದ ತಾಳೆಗರಿ ಕಟ್ಟುಗಳು, ಕೋರಿ ಕಾಗದದ ಹೊತ್ತಿಗೆಗಳು ಇನ್ನೂ ಇರಬಹುದು. ಮನೆ ಕೆಡವಿ ಕಟ್ಟುವಾಗ, ಓದಲು ಬಾರದು, ದೇವರ ಹೆಸರಿರುವುದನ್ನು ಕಸಕ್ಕೆ ಹಾಕಬಾರದು ಎಂದು ಭಕ್ತಿಯಿಂದಲೇ ಹೊಳೆಗೆ ಬಿಡುವವರಿದ್ದಾರೆ. ದಯವಿಟ್ಟು ಹೊಳೆಗೆ ಬಿಡಬೇಡಿ. ಪೂಜೆ ಮಾಡುವವರು ಮಾಡಿಕೊಂಡೇ ಇರಿ, ಆದರೆ ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಒಂದು ಮಾತು ತಿಳಿಸಿ, ಗರಿಗರಿಯ ಚಿತ್ರ ತೆಗೆಸಿ. ಇನ್ನೊಬ್ಬ ಸಂಕವ್ವೆಯ ಒಂದೇ ವಚನ ಆ ಕಟ್ಟಿನಲ್ಲಿ ಇರಬಹುದು.